ಕಾಲ್ದೆಸೆ

ಹುರುಳಿಕಾಳಿಗೆ ಇನ್ನೂ ಮೂರು ಕೂಗು ಬಾಕಿ ಇತ್ತು. ಅಡುಗೆಮನೆಯ ಕುಕ್ಕರಿನ ಕಡೆ ಒಂದು ಕಿವಿ ಇಟ್ಟುಕೊಂಡೇ ಜಗದಾಂಬಾ ಮುಂದಿನ ಕೋಣೆಯಲ್ಲಿ ಕುಳಿತು ಎಡಗಾಲಿನಿಂದ ಪೆಡಲನ್ನು ಮೆಲ್ಲಗೆ ಅದುಮುತ್ತಿದ್ದಳು. ಪೂರ್ತಿ ಅದುಮಿದರೆ ಕಂಪ್ಯೂಟರಿನ ಪರದೆಯ ಮೇಲೆ ನೂರಿಪ್ಪತ್ತೇಳು. ಪೂರ್ತಿ ಬಿಟ್ಟರೆ ಸೊನ್ನೆ. ಇವೆರಡರ ನಡುವೆ ಎಲ್ಲಿಯವರೆಗೆ ತಾಳ ತೆರೆದದ್ದು, ಎಲ್ಲಿಂದಾಚೆಗೆ ಮುಚ್ಚಿದ್ದು ಎಂಬುದನ್ನು ಅದಕ್ಕೆ ಹೇಳಿಕೊಡಬೇಕಿತ್ತು.

ತಾಳ ಎನ್ನುವುದು ಅವಳೇ ಇಟ್ಟುಕೊಂಡ ಹೆಸರು. ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕದಲ್ಲಿ ಅದು ಹೈ-ಹ್ಯಾಟ್. ನಿಜವಾದ ಡ್ರಮ್ಮಿನಲ್ಲಾದರೆ ಭಜನೆಯ ತಾಳದ ಹಾಗೆ ಎರಡು ಕಂಚಿನ ತಟ್ಟೆಗಳು ಒಂದರ ಮೇಲೊಂದು ಇರುತ್ತವೆ. ಕಾಲು ಒತ್ತಿದರೆ ಮುಚ್ಚಿಕೊಂಡು ಚಿಕ್ ಎನ್ನುತ್ತವೆ, ತೆರೆದಿರುವಾಗ ಕಡ್ಡಿಯಿಂದ ಹೊಡೆದರೆ ಝಿಸ್ ಎಂದು ಹರಡುತ್ತವೆ. ಇಲ್ಲಿ ತಟ್ಟೆಗಳಿರಲಿಲ್ಲ. ಕಪ್ಪು ರಬ್ಬರಿನ ಒಂದು ಬಿಲ್ಲೆ, ನೆಲದ ಮೇಲೊಂದು ಪೆಡಲು, ಅಲ್ಲಿಂದ ಡ್ರಮ್ಮಿನ ಪೆಟ್ಟಿಗೆಗೆ ಒಂದು ವೈರು, ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಇನ್ನೊಂದು. ಕಂಪ್ಯೂಟರಿಗೆ ಪ್ರತಿ ಸದ್ದೂ ಒಂದೊಂದು ಅಂಕಿ: ಮುಚ್ಚಿದ ತಾಳಕ್ಕೆ ನಲವತ್ತೆರಡು, ತೆರೆದದ್ದಕ್ಕೆ ನಲವತ್ತಾರು, ಬರೀ ಕಾಲಿನಿಂದಾಗುವ ಚಿಕ್ ಸದ್ದಿಗೆ ನಲವತ್ತನಾಲ್ಕು. ಈ ಅಂಕಿಗಳನ್ನು ಅವಳು ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡಿದ್ದಳು.

ಗಂಡ ಚನ್ನವೀರಪ್ಪನಿಗೆ ಹಾಡು ಗೊತ್ತು, ಹಾರ್ಮೋನಿಯಂ ಗೊತ್ತು, ಭಕ್ತಿಗೀತೆಗಳ ಕ್ಯಾಸೆಟ್ಟು ಮಾಡಿಸುವವರ ಪರಿಚಯವೂ ಇತ್ತು. ಪುಸ್ತಕ ಓದುವ ತಾಳ್ಮೆ ಇರಲಿಲ್ಲ. ಡ್ರಮ್ಮಿನವನು ಮದುವೆ ಆರ್ಕೆಸ್ಟ್ರಾ ಸೇರಿಕೊಂಡು ಕೈಕೊಟ್ಟಾಗ, ಸಿಂಗಪುರದಿಂದ ಬಂದಿದ್ದ ಚಿಕ್ಕಪ್ಪನ ಮಗ ಶಂಭುಲಿಂಗಪ್ಪ ಈ ಸರಂಜಾಮನ್ನು ಬಿಟ್ಟುಹೋಗಿದ್ದ. ಎರಡು ವಾರ ಅದು ಬೆಡ್‌ಶೀಟು ಹೊದ್ದು ಕೂತಿತ್ತು. ಒಂದು ಮಧ್ಯಾಹ್ನ ಜಗದಾಂಬಾ ಬೆಡ್‌ಶೀಟು ಒಗೆಯಲು ತೆಗೆದವಳು ಪುಸ್ತಕವನ್ನು ಕೈಗೆತ್ತಿಕೊಂಡಳು. ದಾವಣಗೆರೆಯಲ್ಲಿ ಬಿ.ಎಸ್ಸಿ. ಮುಗಿಸಿ ಹದಿನೇಳು ವರ್ಷವಾಗಿತ್ತು. ಆ ಹದಿನೇಳು ವರ್ಷದಲ್ಲಿ ಯಾವುದೂ ಅವಳನ್ನು ಹಾಗೆ ಎಳೆದು ಕೂರಿಸಿರಲಿಲ್ಲ. ಈಗ ಬಸವೇಶ್ವರನಗರದ ಆ ಮನೆಯಲ್ಲಿ ಎರಡು ಗಂಟೆಯಿಂದ ನಾಲ್ಕರವರೆಗೆ ಅವಳನ್ನು ಯಾರೂ ಕರೆಯುವಂತಿರಲಿಲ್ಲ. 'ಅವಳು ಕೆಲಸದಲ್ಲಿದ್ದಾಳೆ' ಎಂದು ಚನ್ನವೀರಪ್ಪ ಬಂದವರಿಗೆ ಹೇಳುವುದನ್ನು ಒಂದೆರಡು ಸಲ ಕೇಳಿಸಿಕೊಂಡಿದ್ದಳು.

ಕುಕ್ಕರು ಕೂಗಿತು. ಇನ್ನು ಎರಡು.

ಅವಳು ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟು ಅರವತ್ತನಾಲ್ಕು ಎಂದು ಬರೆದಳು. ಬರೆದು ತಲೆಯೆತ್ತಿದಾಗ ಪರದೆಯ ಅಂಕಿ ಬದಲಾಗುತ್ತಿತ್ತು. ಸೊನ್ನೆ, ಮೂವತ್ತೊಂದು, ಸೊನ್ನೆ. ಮತ್ತೆ ಮೂವತ್ತೊಂದು, ಸೊನ್ನೆ. ಸ್ಪೀಕರು ಎರಡು ಸಲ ಚಿಕ್, ಚಿಕ್ ಎಂದಿತು. ಆಮೇಲೆ ಅಂಕಿ ನಿಧಾನವಾಗಿ ತೊಂಬತ್ತರವರೆಗೆ ಏರಿ, ಅಲ್ಲೇ ನಿಂತು, ನಿಧಾನವಾಗಿ ಇಳಿಯಿತು.

ಪೆಡಲಿನ ಕಡೆ ಅವಳು ತಿರುಗುವ ಹೊತ್ತಿಗೆ ಅದು ಸುಮ್ಮನಿತ್ತು. ಗೋಡೆಯ ಗಡಿಯಾರದಲ್ಲಿ ಎರಡೂ ನಲವತ್ತು. ಇದು ಮೂರನೆಯ ದಿನ.

ಉಳಿದೆರಡು ಕೂಗು ಆಗುವವರೆಗೆ ಅವಳು ಕಾಲು ಕೆಳಗಿಳಿಸಲಿಲ್ಲ.

ಸಂಜೆ ಚನ್ನವೀರಪ್ಪ ಬಂದವನೇ ಚಪ್ಪಲಿ ಬಿಟ್ಟು, ಹಿಂದಿನ ದಿನ ಮಧ್ಯಾಹ್ನ ಅವಳು ಡ್ರಮ್ಮು ಕೂರಿಸಿದ್ದ ಹಾಡನ್ನು ಹಾಕಿಸಿದ. ಶಿವಬಸಪ್ಪ ಎಂಬ ಹಿರಿಯ ಗಾಯಕರು ಹಾಡಿದ ಭಕ್ತಿಗೀತೆ. ಬಹಳ ನಿಧಾನದ್ದು, ಸಾಲುಗಳ ನಡುವೆ ಬೇಕಾದಷ್ಟು ಬಿಡುವು. ಎರಡನೆಯ ಚರಣದ ಬಿಡುವಿನಲ್ಲಿ ಚಿಕ್, ಚಿಕ್.

"ಏನೇ ಇದು? ಹಲ್ಲಿ ಲೊಚಗುಟ್ಟಿದಂಗೆ?"

"ಪೆಡಲಿಂದ ಬರ್ತಾ ಇದೆ. ತಾನಾಗೇ."

"ತಾನಾಗೇ ಹೆಂಗ್ ಬರತ್ತೆ? ನೀನು ಕಾಲು ಕುಣಿಸ್ತಾ ಇದೀಯ ನೋಡು." ಅವನು ನಗುತ್ತಲೇ ಹೇಳಿದ. "ಅವ್ವ ಬಡ್ಕೊಂತಿದ್ಳು, ಇವಳಿಗೆ ಕಾಲು ಒಂದು ಕಡೆ ನಿಲ್ಲಲ್ಲ ಅಂತ."

"ಇವತ್ತು ಕಾಲು ಕುರ್ಚಿ ಮೇಲಿದ್ದಾಗ್ಲೂ ಬಂತು ರೀ."

"ನೋಡು, ಶನಿವಾರ ಸಾಯಂಕಾಲ ಮಾಸ್ಟರ್ ಟೇಪು ಕೊಡ್ಬೇಕು. ಕೇಳೋರು ಕಣ್ಮುಚ್ಚಿ ಕೂತಿರ್ತಾರೆ, ಮಧ್ಯೆ ಚಿಕ್ ಅಂದ್ರೆ ಏನನ್ಕೋತಾರೆ? ಆಗಲ್ಲ ಅಂದ್ರೆ ಹೇಳು, ಇದನ್ನ ಶಂಭುಲಿಂಗಪ್ಪನಿಗೆ ವಾಪಸ್ ಕೊಟ್ಟು ತಬಲದವರನ್ನೇ ಕರೆಸ್ತೀನಿ. ನಿಂಗೂ ಮನೆಕೆಲಸದ ಮೇಲೆ ಇದೊಂದು ತಾಪತ್ರಯ."

"ತಾಪತ್ರಯ ಏನಿಲ್ಲ," ಎಂದಳು.

"ನಾಳೆ ಚಿಕ್ಕಹನುಮಯ್ಯನ್ನ ಕಳಿಸ್ತೀನಿ. ಅವನು ನೋಡ್ಲಿ."

ಅವನು ಒಳಗೆ ಹೋದ. ಜಗದಾಂಬಾ ಸ್ವಿಚ್ಚುಗಳನ್ನು ಆರಿಸಿ, ಗೋಡೆಗೆ ತೂಗುಹಾಕಿದ್ದ ಕೌದಿಗಳನ್ನು ನೇರಮಾಡಿದಳು. ಬೇರೆ ರೆಕಾರ್ಡಿಂಗ್ ಕೋಣೆಗಳಲ್ಲಿ ಸದ್ದು ಹೀರಲು ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸುತ್ತಾರೆ. ಲಿಂಗ ಕಟ್ಟಿದ ಮನೆಯಲ್ಲಿ ಅದಾಗದು ಎಂದು ಚನ್ನವೀರಪ್ಪ ತನ್ನ ಅವ್ವ ಹೊಲಿದಿಟ್ಟಿದ್ದ ಏಳು ಕೌದಿಗಳನ್ನು ನಾಲ್ಕೂ ಗೋಡೆಗೆ ಹೊಡೆಸಿದ್ದ. ಹಳೆಯ ಸೀರೆ, ಧೋತರ, ರವಿಕೆಗಳ ಚೂರುಗಳು. ಬಾಗಿಲು ಹಾಕಿದರೆ ಆ ಕೋಣೆಯಲ್ಲಿ ಮಾತು ಬಾಯಿಂದ ಹೊರಟು ಅಲ್ಲೇ ಬಿದ್ದುಬಿಡುತ್ತಿತ್ತು.

ಅದು ಅವ್ವನ ಕೋಣೆಯೇ ಆಗಿತ್ತು. ಜಗದಾಂಬಾಳ ಅತ್ತೆ ಬಸವ್ವ ಕಡೆಯ ಹದಿನಾಲ್ಕು ತಿಂಗಳು ಅಲ್ಲಿಯೇ ಮಲಗಿದ್ದು.

ಮದುವೆಯಾಗಿ ಬಂದ ಮೊದಲ ವಾರವೇ ಬಸವ್ವ ಸೊಸೆಯ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿಹಿಡಿದಿದ್ದರು. "ಕಾಲು ಕುಣಿಸಬ್ಯಾಡವಾ. ಕುಂತಲ್ಲೆ ಹೆಣ್ಮಗಳು ಕಾಲು ಅಲ್ಲಾಡಿಸಿದ್ರ ಮನಿಗೆ ಒಳ್ಳೇದಲ್ಲ." ಜಗದಾಂಬಾಳಿಗೆ ಅದು ಗೊತ್ತೇ ಇರಲಿಲ್ಲ. ಏನಾದರೂ ಯೋಚಿಸುವಾಗ, ಓದುವಾಗ, ಕಾಲು ತಾನಾಗಿ ಅಲುಗುತ್ತಿತ್ತು. ಅಂದಿನಿಂದ ಅಕ್ಕಿ ಆರಿಸುವಾಗ, ಹೂ ಕಟ್ಟುವಾಗ, ನೆಂಟರ ಮುಂದೆ ಕೂತಾಗ ಆ ಕೈ ಬಂದು ಮೊಣಕಾಲಿನ ಮೇಲೆ ಕೂರುತ್ತಿತ್ತು. ಬೈಗುಳವಿಲ್ಲ, ಏರಿದ ದನಿಯಿಲ್ಲ. ಬರೀ ಭಾರ. ಎರಡು ಮೂರು ವರ್ಷದಲ್ಲಿ ಕಾಲು ನಿಂತುಹೋಯಿತು. ಅದರ ಜೊತೆ ಯೋಚಿಸುವುದೂ ನಿಂತಿತೇನೋ ಎಂದು ಅವಳಿಗೆ ಆಗಾಗ ಅನ್ನಿಸಿದ್ದುಂಟು. ಆದರೆ ಅದನ್ನು ಯಾರ ಹತ್ತಿರ ಹೇಳುವುದು?

ಬಸವ್ವನಿಗೆ ಲಕ್ವ ಹೊಡೆದಾಗ ಎಡಮೈ ಹೋಯಿತು, ಮಾತೂ ಹೋಯಿತು. ಬಲಗೈ ಇದ್ದೂ ಇಲ್ಲದ ಹಾಗೆ. ಬಲಗಾಲೊಂದೇ ಉಳಿಯಿತು. ಮಂಚದ ಕಾಲ್ದೆಸೆಯ ಹಲಗೆಗೆ ಆ ಕಾಲಿನಿಂದ ಬಡಿದು ಕರೆಯುವುದನ್ನು ಅತ್ತೆ ಸೊಸೆ ಇಬ್ಬರೇ ಸೇರಿ ರೂಢಿ ಮಾಡಿಕೊಂಡರು. ಒಂದು ಬಡಿತ ಎಂದರೆ ನೀರು. ಎರಡು ಎಂದರೆ ಮಗ್ಗುಲು ಹೊರಳಿಸು. ಹಿಮ್ಮಡಿಯನ್ನು ಹಲಗೆಗೆ ಒತ್ತಿ ಉದ್ದಕ್ಕೆ ಎಳೆದರೆ, ಸಾಕು, ಇನ್ನು ನೀನು ಹೋಗು. ಚನ್ನವೀರಪ್ಪನಿಗೆ ಇದು ತಿಳಿಯುತ್ತಿರಲಿಲ್ಲ. ಅವನು ಒಂದಕ್ಕೆ ಹೊರಳಿಸುತ್ತಿದ್ದ, ಎರಡಕ್ಕೆ ನೀರು ಹಿಡಿಯುತ್ತಿದ್ದ. ಆಗ ಬಸವ್ವ ಸೊಸೆಯ ಕಡೆ ನೋಡುತ್ತಿದ್ದ ನೋಟದಲ್ಲಿ ಸಣ್ಣ ನಗೆ ಇರುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಇಲ್ಲದ ಸಲಿಗೆ ಆ ಹದಿನಾಲ್ಕು ತಿಂಗಳಲ್ಲಿ ಬಂದಿತ್ತು.

ಮಧ್ಯಾಹ್ನ ಎರಡೂ ನಲವತ್ತಕ್ಕೆ ಕಿಟಕಿಯ ಕಡೆ ಹೊರಳಿಸುವುದು ದಿನದ ಪರಿಪಾಠ. ಕಿಟಕಿಯಾಚೆ ನುಗ್ಗೆಮರ, ಅದರಲ್ಲಿ ಅಳಿಲು.

ಹೋದ ವರ್ಷ ಫೆಬ್ರವರಿಯ ಆ ಮಧ್ಯಾಹ್ನ ಜಗದಾಂಬಾ ಅಡುಗೆಮನೆಯ ನೆಲದಲ್ಲಿ ಸೆರಗು ಹಾಸಿ ಮಲಗಿದ್ದಳು. ಹಿಂದಿನ ರಾತ್ರಿ ನಾಲ್ಕು ಸಲ ಎದ್ದಿದ್ದಳು. ಹಲಗೆಯ ಸದ್ದು ಕೇಳಿತು. ಒಂದಲ್ಲ, ಎರಡಲ್ಲ. ಬಡಿತ, ಬಡಿತ, ಎಳೆತ. ಬಡಿತ, ಬಡಿತ, ಎಳೆತ. ಬಿಡುವಿಲ್ಲದೆ, ಒಂದೇ ಲಯದಲ್ಲಿ. ಇದು ಕರೆಯಲ್ಲ, ಕಾಲು ಸುಮ್ಮನೆ ಕುಣಿಯುತ್ತಿದೆ ಎಂದುಕೊಂಡಳು. ನನಗೆ ಕಾಲು ಕುಣಿಸಬೇಡ ಎಂದವರು ಈಗ ತಾವೇ ಕುಣಿಸುತ್ತಿದ್ದಾರೆ ಎಂಬ ಮಾತು ಮನಸ್ಸಿಗೆ ಬಂತು. ಬಂದದ್ದಷ್ಟೇ ಅಲ್ಲ, ಅದರಿಂದ ಒಂದು ಬಗೆಯ ಹಿತವೂ ಆಯಿತು. ಆ ಹಿತದಲ್ಲೇ ಕಣ್ಣು ಮುಚ್ಚಿದಳು. ಅರ್ಧ ಗಂಟೆಯ ಮೇಲೆ ಎದ್ದು ಹೋದಾಗ ಬಸವ್ವನ ಹಿಮ್ಮಡಿ ಹಲಗೆಗೆ ಒತ್ತಿಕೊಂಡೇ ಇತ್ತು. ಕಾಲು ತಣ್ಣಗಿತ್ತು.

"ನಿದ್ದೇಲೇ ಹೋಗಿಬಿಟ್ರು," ಎಂದಿದ್ದಳು ಗಂಡನಿಗೆ. ಅವನು ಅದನ್ನೇ ಮಣ್ಣಿಗೆ ಬಂದವರಿಗೆಲ್ಲ ಹೇಳಿದ. ಈಗಲೂ ಹೇಳುತ್ತಾನೆ. ಒಂದು ಸಣ್ಣ ನೋವೂ ಇಲ್ಲದೆ, ನಿದ್ದೆಯಲ್ಲೇ.

ಮರುದಿನ ಶುಕ್ರವಾರ ಹನ್ನೊಂದಕ್ಕೆ ಚಿಕ್ಕಹನುಮಯ್ಯ ಬಂದ. ಕೆಂಗೇರಿ ಉಪನಗರದವನು, ರೇಡಿಯೋ ಟೀವಿ ರಿಪೇರಿಯವನು, ಮೂವತ್ತು ದಾಟಿದ್ದರೂ ಬಾಯಿ ಸುಮ್ಮನಿರದ ಆಸಾಮಿ. ಬಂದವನೇ ಗೋಡೆ ನೋಡಿದ.

"ಏನಕ್ಕ, ಗೋಡೆಗೂ ಚಳಿ ಆಯ್ತದಾ?"

"ಸದ್ದು ಹೀರಕ್ಕೆ ಹನುಮಯ್ಯ. ಕಾಫಿ ಕುಡೀತೀರಾ?"

"ಕೆಲಸ ಮುಗೀಲಿ. ಎರಡು ಬಸ್ ಬದಲಾಯಿಸಿ ಬಂದಿವ್ನಿ, ಈ ದೆವ್ವನ್ನ ಹಿಡಿದೇ ಕಾಫಿ." ಪೆಡಲನ್ನು ಮಗುಚಿ ತಿರುಪು ಬಿಚ್ಚಿದ. "ಎಷ್ಟೊತ್ತಿಗೆ ಹೊಡ್ಕೊಳ್ಳೋದು ಇದು?"

"ಎರಡೂ ನಲವತ್ತಕ್ಕೆ."

ಅವನು ತಲೆಯೆತ್ತಿ ನೋಡಿದ. "ದಿನಾನಾ? ಟೈಮ್ ಸರಿಯಾಗಿ?"

"ಮೂರು ದಿನದಿಂದ."

"ಹಂಗಾರೆ ಫ್ಯಾಕ್ಟ್ರಿ ಪಾಳಿ ಇರ್ಬೇಕು. ಆ ಕಡೆ ಪ್ರೆಸ್ಸು ಬಿದ್ರೆ ನೆಲ ಅದುರ್ತದೆ, ನಮ್ಗೆ ಗೊತ್ತಾಗಲ್ಲ, ಇದ್ಕೆ ಗೊತ್ತಾಯ್ತದೆ." ಪೆಡಲಿನ ಒಳಗನ್ನು ಬಟ್ಟೆಯಿಂದ ಒರೆಸಿ, ವೈರನ್ನು ಬಗ್ಗಿಸಿ ನೋಡಿ, ಮತ್ತೆ ಮುಚ್ಚಿ ನೆಲಕ್ಕಿಡಲು ಹೋದವನು ನಿಂತ. "ಇವೇನಕ್ಕ ಗುರುತು?"

ಕೆಂಪು ಗಾರೆಯ ನೆಲದಲ್ಲಿ ನಾಲ್ಕು ದುಂಡನೆಯ ಕಪ್ಪು ಗುರುತುಗಳಿದ್ದವು. ಎರಡು ಗೋಡೆಯ ಹತ್ತಿರ, ಎರಡು ಕೋಣೆಯ ನಡುವಿಗೆ. ನಡುವಿನ ಎರಡರ ಮಧ್ಯೆ ಪೆಡಲು ಇದ್ದ ಜಾಗ.

"ಅತ್ತೆ ಮಂಚದ್ದು," ಎಂದಳು ಜಗದಾಂಬಾ. ಆ ಜಾಗವನ್ನು ಪೆಡಲಿಗೆ ಆರಿಸಿದ್ದು ತಾನೇ. ವೈರು ಅಲ್ಲಿಯವರೆಗೆ ಮಾತ್ರ ಮುಟ್ಟುತ್ತಿತ್ತು. ಕಾಲ್ದೆಸೆ ಎಂಬುದು ಅವಳಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಚಿಕ್ಕಹನುಮಯ್ಯ ಪೆಡಲನ್ನು ಅಲ್ಲೇ ಇಟ್ಟ. ಡ್ರಮ್ಮಿನ ಪೆಟ್ಟಿಗೆಯನ್ನು ತಿರುಗಿಸಿ ಹಿಂಬದಿಯ ಪುಟ್ಟ ಗುಂಡಿಯೊಂದನ್ನು ಬೆರಳಿನಿಂದ ತೋರಿಸಿದ. "ಇದು ಯಾರು ಒಂದಕ್ಕೆ ಇಟ್ಟಿದ್ದು?"

"ನಾನೇ. ನಂದು ಹಗುರ ಕಾಲು. ಇಲ್ಲದಿದ್ರೆ ಅದಕ್ಕೆ ಕೇಳಿಸ್ತಾ ಇರ್ಲಿಲ್ಲ."

"ಅಲ್ಲೇ ಇರೋದು ನೋಡಿ. ಒಂದಕ್ಕಿಟ್ರೆ ಇರುವೆ ನಡೆದ್ರೂ ಕೇಳ್ಸ್ಕೊಳ್ತದೆ. ಐದಕ್ಕಿಡಿ. ಕಾಲು ಅಂತ ಒಂದು ಇದ್ದು ಒತ್ತಿದ್ರೆ ಮಾತ್ರ ಕೇಳ್ತದೆ. ಇಲ್ಲದಿರೋ ಕಾಲು ಕೇಳಲ್ಲ." ತನ್ನ ಮಾತಿಗೆ ತಾನೇ ನಕ್ಕು, ಗುಂಡಿ ತಿರುಗಿಸಿದ. ಜೇಬಿನಿಂದ ಕೆಂಪು ಅರಗಿನ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಇವತ್ತು ನಾಳೆ ನೋಡಿ. ಸರಿಹೋದ್ರೆ ಇದನ್ನ ಕರಗಿಸಿ ಗುಂಡಿ ಬುಡಕ್ಕೆ ಒಂದು ತೊಟ್ಟು ಬಿಡಿ. ಆಮೇಲೆ ಅದು ಅಲ್ಲಾಡಲ್ಲ. ಕಾಫಿ ತನ್ನಿ ಈಗ, ದೆವ್ವ ಹೋಯ್ತು."

ಅವನು ಹೋದ ಮೇಲೆ ಜಗದಾಂಬಾ ಊಟ ಮಾಡಿ, ಪಾತ್ರೆ ತೊಳೆದು, ಎರಡೂವರೆಗೆ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಳು. ಎರಡೂ ನಲವತ್ತಾಯಿತು. ಪರದೆಯ ಮೇಲೆ ಸೊನ್ನೆ. ಎರಡೂ ನಲವತ್ತೈದು. ಸೊನ್ನೆ. ಹೊರಗೆ ಯಾರೋ ಸೌದೆ ಒಡೆಯುತ್ತಿದ್ದರು. ಕೌದಿಗಳ ಈಚೆಗೆ ಅದು ದೂರದ ಊರಿನ ಸದ್ದಿನ ಹಾಗೆ ಬರುತ್ತಿತ್ತು. ಎದೆ ಹಗುರಾಗಬೇಕಿತ್ತು. ಶನಿವಾರದ ಟೇಪು ಉಳಿಯಿತು, ಈ ಕುರ್ಚಿ ಉಳಿಯಿತು. ಆದರೆ ಅವಳಿಗೆ ಅನ್ನಿಸಿದ್ದು ಬೇರೆ. ಅಡುಗೆಮನೆಯ ನೆಲದಲ್ಲಿ ಮಲಗಿ ಕಣ್ಣು ಮುಚ್ಚಿದ್ದಾಗ ಹೇಗಿತ್ತೋ ಈಗಲೂ ಹಾಗೇ ಇತ್ತು. ಸದ್ದು ನಿಂತಿರಲಿಲ್ಲ. ಕೇಳಿಸಿಕೊಳ್ಳುವುದು ನಿಂತಿತ್ತು.

ಎರಡೂ ಐವತ್ತಕ್ಕೆ ಎದ್ದು ಗುಂಡಿಯನ್ನು ಒಂದಕ್ಕೆ ತಿರುಗಿಸಿದಳು.

ಕುರ್ಚಿಗೆ ವಾಪಸು ಬರುವ ಮೊದಲೇ ಚಿಕ್, ಚಿಕ್ ಎಂದಿತು. ಅಂಕಿ ಏರಿತು, ನಿಂತಿತು, ಇಳಿಯಿತು. ಮತ್ತೆ ಚಿಕ್, ಚಿಕ್. ಪೆಡಲು ಅಲುಗಲಿಲ್ಲ. ಈ ಸಲ ಅವಳು ಅದನ್ನೇ ನೋಡುತ್ತಿದ್ದಳು. ಹೆದರಿಕೆಯಲ್ಲಿ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು: ರೆಕಾರ್ಡಿನ ಕೀಲಿ ಒತ್ತಿತು, ಒಂದು ನಿಮಿಷ ಬಿಟ್ಟು ನಿಲ್ಲಿಸಿತು, ಪಟ್ಟಿಯನ್ನು ತೆರೆಯಿತು.

ಆ ಪಟ್ಟಿಯಲ್ಲಿ ಸದ್ದು ಇರುವುದಿಲ್ಲ. ಯಾವ ಕ್ಷಣದಲ್ಲಿ ಏನಾಯಿತು ಎಂಬುದು ಒಂದರ ಕೆಳಗೊಂದು ಸಾಲಾಗಿ ಬರುತ್ತದೆ, ಅಷ್ಟೆ. ನಲವತ್ತನಾಲ್ಕು, ಚಿಕ್ಕದು. ನಲವತ್ತನಾಲ್ಕು, ಚಿಕ್ಕದು. ಅದರ ಕೆಳಗೆ ಉದ್ದದ್ದು. ಆಮೇಲೆ ಒಂದು ಖಾಲಿ ಬಿಡುವು. ಮತ್ತೆ ಎರಡು ಚಿಕ್ಕದು, ಒಂದು ಉದ್ದದ್ದು. ಕಿವಿಗೆ ಅದು ಒಂದೇ ಲಯವಾಗಿತ್ತು, ಕುಣಿಯುವ ಕಾಲಾಗಿತ್ತು. ಕಣ್ಣಿಗೆ ಅದು ಬಿಡಿಬಿಡಿಯಾಗಿ ನಿಂತಿತು.

ಎರಡು ಬಡಿತ. ಹೊರಳಿಸು.

ಒಂದು ಎಳೆತ. ಸಾಕು, ನೀನು ಹೋಗು.

ಅವಳು ಬೆರಳಿನಿಂದ ಸಾಲುಗಳನ್ನು ಮುಟ್ಟುತ್ತ ಕೆಳಗಿನವರೆಗೆ ಓದಿದಳು. ಹೊರಳಿಸು. ಬೇಡ, ಹೋಗು. ಹೊರಳಿಸು. ಬೇಡ, ಹೋಗು. ಆ ಮಧ್ಯಾಹ್ನ ಆ ಕಾಲು ಕರೆದೇ ಕರೆದಿತ್ತು, ಪ್ರತಿ ಸಲ ಕರೆದು ಕರೆಯನ್ನು ಹಿಂದಕ್ಕೆ ತೆಗೆದುಕೊಂಡಿತ್ತು. ಹಿಂದಿನ ರಾತ್ರಿ ಸೊಸೆ ನಾಲ್ಕು ಸಲ ಎದ್ದದ್ದು ಮಲಗಿದ್ದವರಿಗೂ ಗೊತ್ತಿತ್ತು. ಮಲಗಿದ್ದಾಳೆ, ಮಲಗಲಿ. ಆದರೂ ಮಗ್ಗುಲು ನೋಯುತ್ತಿತ್ತು, ಮತ್ತೆ ಕರೆಯಬೇಕಾಗಿತ್ತು. ಇಬ್ಬರೇ ಕಟ್ಟಿಕೊಂಡ ಮಾತಿನಲ್ಲಿ ಬಸವ್ವ ಮೊದಲ ಸಲ ಒಂದು ಪೂರ್ತಿ ವಾಕ್ಯ ಹೇಳಿದ್ದರು. ಆ ಭಾಷೆ ಗೊತ್ತಿದ್ದ ಒಬ್ಬಳೇ ಒಬ್ಬಳು ಅದನ್ನು ಕಾಲು ಕುಣಿಸುವುದು ಎಂದುಕೊಂಡಿದ್ದಳು.

ಬಹಳ ಹೊತ್ತಿನ ಮೇಲೆ ಅವಳು ನೆಲದಲ್ಲಿ ಕುಳಿತಳು. ಗೋಡೆಯ ಕಡೆ ಮುಖಮಾಡಿದ್ದ ಪೆಡಲಿನ ಎರಡೂ ಬದಿಗೆ ಕೈಹಾಕಿದಳು. ಭಾರವಾದದ್ದೇನಲ್ಲ. ಆದರೂ ಹಿಂದೆ ಮಾಡುತ್ತಿದ್ದ ಹಾಗೆಯೇ, ಮೊದಲು ಒಂದು ಅಂಗೈಯನ್ನು ಅಡಿಗೆ ಕೊಟ್ಟು, ಆಮೇಲೆ ಇನ್ನೊಂದು ಕೊಟ್ಟು, ನಿಧಾನವಾಗಿ ಕಿಟಕಿಯ ಕಡೆಗೆ ಹೊರಳಿಸಿದಳು. ಲೋಹ ತಣ್ಣಗಿತ್ತು.

ಸ್ಪೀಕರು ಸುಮ್ಮನಿತ್ತು. ಪರದೆಯ ಅಂಕಿ ಸೊನ್ನೆಯಿಂದ ಮೆಲ್ಲಗೆ ಏರಿ, ತೊಂಬತ್ತರಲ್ಲಿ ನಿಂತು, ಮೆಲ್ಲಗೆ ಇಳಿಯಿತು. ಒಂದೇ ಸಲ.

ಶನಿವಾರ ಬೆಳಿಗ್ಗೆ ಗುಂಡಿಯನ್ನು ಐದಕ್ಕಿಟ್ಟು, ಪಟ್ಟಿಯಿಂದ ಕಾಲಿನ ಸಾಲುಗಳನ್ನು ಅಳಿಸಿ, ಕಾಲನ್ನು ಗಟ್ಟಿಯಾಗಿ ಒತ್ತುತ್ತ ಇಡೀ ಹಾಡನ್ನು ಮತ್ತೆ ಕೂರಿಸಿದಳು. ಅಳಿಸುವ ಮೊದಲು ಆ ಸಾಲುಗಳನ್ನು ಬೇರೆ ಫ್ಲಾಪಿಗೆ ತೆಗೆದುಕೊಂಡಳು. ಅದರ ಮೇಲಿನ ಚೀಟಿಯಲ್ಲಿ ಏನೂ ಬರೆಯಲಿಲ್ಲ. ಹನ್ನೆರಡಕ್ಕೆ ಚನ್ನವೀರಪ್ಪ ಬಂದು ಕಣ್ಣು ಮುಚ್ಚಿ ಕೇಳಿದ. ಎರಡನೆಯ ಚರಣದ ಬಿಡುವು ಖಾಲಿಯಾಗಿ ಬಂದು ಖಾಲಿಯಾಗಿ ಹೋಯಿತು.

"ಹೋಯ್ತಲ್ಲ ಹಲ್ಲಿ," ಎಂದ. "ನಿಂಗೇ ಬಿಟ್ಟಿದ್ದು ಇನ್ಮೇಲೆ ಇದು. ಮುಂದಿನ ಕ್ಯಾಸೆಟ್ಟೂ ನೀನೇ ಮಾಡು." ಮೇಜಿನ ಮೇಲಿನ ಅರಗನ್ನು ನೋಡಿದ. "ಹನುಮಯ್ಯ ಹೇಳಿದ್ನಂತಲ್ಲ, ಹಾಕಿಬಿಡು ಅದನ್ನ. ಮತ್ತೆ ಅಲ್ಲಾಡಬಾರದು."

"ಹೂಂ."

"ಪೆಡಲು ಯಾಕೆ ಆ ಕಡೆ ತಿರುಗಿದೆ?"

"ಕಾಲಿಗೆ ಅನುಕೂಲ."

ಅವನು ಟೇಪನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲಲ್ಲಿ ನಿಂತು ಕೋಣೆಯನ್ನೊಮ್ಮೆ ನೋಡಿದ. "ಅವ್ವ ಇದ್ದಿದ್ರೆ ಖುಷಿ ಪಡ್ತಿದ್ಳು. ಪುಣ್ಯ ಮಾಡಿದ್ಳು ಬಿಡು, ನಿದ್ದೇಲೇ ಹೋದ್ಳು."

ಜಗದಾಂಬಾ ಅವನ ಮುಖ ನೋಡಿದಳು. ಹೇಳಿದರೆ ಈಗ ಹೇಳಬಹುದಿತ್ತು. ಆದರೆ ಒಂದಕ್ಕೆ ಹೊರಳಿಸುತ್ತಿದ್ದವನು, ಎರಡಕ್ಕೆ ನೀರು ಹಿಡಿಯುತ್ತಿದ್ದವನು ಆ ವಾಕ್ಯವನ್ನು ಹೇಗೆ ಓದಿಯಾನು? "ಬಿಸಿಲು, ಕೊಡೆ ತಗೊಂಡು ಹೋಗಿ," ಎಂದಳು.

ಗೇಟಿನ ಸದ್ದಾದ ಮೇಲೆ ಮೇಣದಬತ್ತಿ ಹಚ್ಚಿಕೊಂಡು ಬಂದು ಪೆಟ್ಟಿಗೆಯ ಹಿಂದೆ ಕುಳಿತಳು. ಅರಗನ್ನು ಉರಿಯ ಹತ್ತಿರ ಹಿಡಿದಳು. ತುದಿ ಹೊಳೆಯಿತು, ಮೆತ್ತಗಾಯಿತು, ತೊಟ್ಟಾಗಿ ತೂಗಿತು. ಕೆಳಗೆ ಗುಂಡಿಯ ಬುಡ. ಅವಳು ಕೈಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದಳು. ತೊಟ್ಟು ನೆಲಕ್ಕೆ ಬಿದ್ದು ಕೆಂಪು ಗಾರೆಯಲ್ಲಿ ಕೆಂಪಾಗಿ ಸೇರಿಹೋಯಿತು.

ಉಳಿದ ಅರಗನ್ನು ಅಡುಗೆಮನೆಗೆ ಒಯ್ದು ಸಾಸಿವೆ ಡಬ್ಬಿಯ ತಳಕ್ಕೆ ಹಾಕಿದಳು. ಬೇರೆ ಯಾರೂ ಕೈಹಾಕದ ಡಬ್ಬಿ ಅದು. ಹಾಡಿಗೆ ಐದು, ಎರಡೂ ನಲವತ್ತಕ್ಕೆ ಒಂದು. ಇನ್ನು ಮುಂದೆ ಹೀಗೇ ಎಂದುಕೊಂಡಳು. ಕೋಣೆಗೆ ಹೋಗಿ ಗುಂಡಿಯನ್ನು ಒಂದಕ್ಕಿಳಿಸಿ, ಕರೆ ಬಂದಾಗ ಕಿಟಕಿಯ ಕಡೆ ಹೊರಳಿಸಲೆಂದು ಪೆಡಲನ್ನು ಮತ್ತೆ ಗೋಡೆಯ ಕಡೆಗೆ ತಿರುಗಿಸಿಟ್ಟು, ಕುರ್ಚಿಯಲ್ಲಿ ಕುಳಿತಳು. ಇನ್ನೂ ಹೊತ್ತಿತ್ತು. ಸೀರೆಯ ನಿರಿಗೆಯ ಅಡಿಯಲ್ಲಿ ತನ್ನ ಕಾಲು ಅಲುಗುತ್ತಿರುವುದು ಅವಳಿಗೆ ತಿಳಿಯಿತು. ಅದನ್ನು ಅವಳು ನಿಲ್ಲಿಸಲಿಲ್ಲ.